ಚಲನೆಯನ್ನು ಸೂಚಿಸುವ ಇಂಗ್ಲಿಷಿನ ಸಣ್ಣ ಮಾತುಗಳು

ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ ಎಡವುವುದು ಅತಿ ಸಣ್ಣ ಶಬ್ದಗಳಲ್ಲಿ. ‘ಟು’, ‘ಇಂಟು’, ‘ಫ್ರಂ’, ‘ಥ್ರೂ’ ಮೊದಲಾದ ಈ ಮಾತುಗಳಿಗೆ ಪ್ರಿಪೊಸಿಷನ್ನುಗಳೆಂದು ಹೆಸರು. ಗಾತ್ರದಲ್ಲಿ ಚಿಕ್ಕವಾದರೂ ಅರ್ಥವನ್ನು ತಲೆಕೆಳಗು ಮಾಡುವ ಶಕ್ತಿ ಇವಕ್ಕುಂಟು. ‘ಹಿ ಲೆಫ್ಟ್ ಹಿಂದೂಪುರ್’ ಎಂದರೆ ಅವನು ಹಿಂದೂಪುರವನ್ನು ಬಿಟ್ಟನು. ‘ಹಿ ಲೆಫ್ಟ್ ಫಾರ್ ಹಿಂದೂಪುರ್’ ಎಂದರೆ ಹಿಂದೂಪುರಕ್ಕೆ ಹೊರಟನು. ಎರಡಕ್ಕೂ ನಡುವಿನ ಅಂತರ ಒಂದೇ ಒಂದು ಮಾತು. ಆದರೆ ಬರುವವನನ್ನು ಎದುರುಗೊಳ್ಳಲು ಯಾವ ಊರಿನ ನಿಲ್ದಾಣಕ್ಕೆ ಹೋಗಬೇಕೆಂಬುದು ಆ ಒಂದು ಮಾತನ್ನೇ ಅವಲಂಬಿಸಿದೆ.

ನಮ್ಮ ಮಕ್ಕಳು ಇಲ್ಲಿ ತಪ್ಪುವುದೇಕೆ? ಬುದ್ಧಿಯ ಕೊರತೆಯಿಂದಲ್ಲ, ತಮ್ಮ ಭಾಷೆಯ ಕ್ರಮವನ್ನು ಇಂಗ್ಲಿಷಿಗೂ ಅನ್ವಯಿಸುವುದರಿಂದ. ಕನ್ನಡದಲ್ಲಿ ಈ ಕೆಲಸವನ್ನು ಮುಖ್ಯವಾಗಿ ನಾಮಪದದ ಕೊನೆಗೆ ಸೇರುವ ವಿಭಕ್ತಿಪ್ರತ್ಯಯಗಳು ಮಾಡುತ್ತವೆ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇವುಗಳನ್ನು ವಿವೇಚಿಸಿದ್ದಾನೆ. ಗೋರಂಟ್ಲ, ಹಿಂದೂಪುರಗಳ ಪೇಟೆಯಲ್ಲಿ ನಾವು ಕೇಳುವ ತೆಲುಗಿನದೂ ಇದೇ ಕ್ರಮ. ನಮ್ಮ ‘ಮನೆಗೆ’, ‘ಮನೆಯಿಂದ’ ಎಂಬುವು ಅಲ್ಲಿ ‘ಇಂಟಿಕಿ’, ‘ಇಂಟಿನುಂಡಿ’ ಎಂದಾಗುತ್ತವೆ. ಹೀಗೆ ಎರಡು ಭಾಷೆಗಳನ್ನು ಬಲ್ಲ ಗಡಿನಾಡಿನ ಮಗುವಿಗೂ ಇಂಗ್ಲಿಷಿನ ಕ್ರಮ ಹೊಸದಾಗಿಯೇ ತೋರುವುದು ಸಹಜ.

ಈಗ ಮೂರು ವಾಕ್ಯಗಳನ್ನು ನೋಡೋಣ: ‘ಹಿಂದೂಪುರಕ್ಕೆ ಹೋದನು’, ‘ಬಾವಿಗೆ ಬಿದ್ದನು’, ‘ಜಗಲಿಗೆ ನೆಗೆದನು’. ನಮ್ಮಲ್ಲಿ ಮೂರಕ್ಕೂ ಚತುರ್ಥಿಯೊಂದೇ ಸಾಕು. ಇಂಗ್ಲಿಷಾದರೋ ತಲುಪುವ ಸ್ಥಳದ ಸ್ವರೂಪವೇನೆಂದು ಕೇಳುತ್ತದೆ. ಹಿಂದೂಪುರವು ದೂರದಿಂದ ಒಂದು ಬಿಂದುವಿನಂತೆ ತೋರುವುದರಿಂದ ಅಲ್ಲಿ ‘ಟು’. ಬಾವಿಗೆ ಒಳಭಾಗವಿರುವುದರಿಂದ ಅಲ್ಲಿ ‘ಇಂಟು’. ಜಗಲಿಯು ಮೇಲ್ಮೈಯಾದ್ದರಿಂದ ಅಲ್ಲಿ ‘ಆನ್‌ಟು’.

ಮರಳುವ ದಾರಿಯಲ್ಲಿಯೂ ಇದೇ ಲೆಕ್ಕ. ‘ಹಿಂದೂಪುರದಿಂದ ಬಂದನು’ ಎಂಬಲ್ಲಿ ‘ಫ್ರಂ’. ‘ಪೆಟ್ಟಿಗೆಯಿಂದ ತೆಗೆದನು’ ಎಂಬಲ್ಲಿ ‘ಔಟ್ ಆಫ್’. ‘ಸೈಕಲ್ಲಿನಿಂದ ಬಿದ್ದನು’ ಎಂಬಲ್ಲಿ ‘ಆಫ್’. ಬಿಂದು, ಒಳಭಾಗ, ಮೇಲ್ಮೈ ಎಂಬ ಮೂರನ್ನು ನೆನಪಿನಲ್ಲಿಟ್ಟರೆ ಆರು ಪ್ರಿಪೊಸಿಷನ್ನುಗಳು ಜೋಡಿಜೋಡಿಯಾಗಿ ತಾವೇ ನಿಲ್ಲುತ್ತವೆ. ವಾಹನಗಳ ವಿಷಯದಲ್ಲಿ ಮಾತ್ರ ರೂಢಿಯನ್ನು ಗಮನಿಸಬೇಕು. ನಿಂತು ಓಡಾಡಬಹುದಾದ ಬಸ್ಸು, ರೈಲುಗಳಿಗೆ ಹತ್ತುವಾಗ ‘ಆನ್’, ಇಳಿಯುವಾಗ ‘ಆಫ್’. ಬಗ್ಗಿ ಒಳಗೆ ಕೂರಬೇಕಾದ ಕಾರಿಗೆ ‘ಇಂಟು’ ಮತ್ತು ‘ಔಟ್ ಆಫ್’.

ಇನ್ನು ನಡುವಿನ ದಾರಿಯ ಮಾತು. ಗೋರಂಟ್ಲದ ಬಳಿ ಹರಿಯುವ ಚಿತ್ರಾವತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ದಡದಿಂದ ಆ ದಡಕ್ಕೆ, ಎಂದರೆ ಅಡ್ಡಲಾಗಿ, ಹೋದರೆ ‘ಅಕ್ರಾಸ್’. ದಡವನ್ನು ಹಿಡಿದು ಉದ್ದಕ್ಕೆ ನಡೆದರೆ ‘ಅಲಾಂಗ್’. ಸೇತುವೆಯ ಮೇಲಿನಿಂದ ನದಿಯನ್ನು ದಾಟಿದರೆ ‘ಓವರ್’. ಚಿತ್ರಾವತಿಯು ಹರಿದು ಪೆನ್ನಾರನ್ನು ಕೂಡುವುದನ್ನು ಹೇಳುವಾಗ ‘ಇಂಟು’. ಬೆಂಗಳೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ಹಿಂದೂಪುರವನ್ನು ಹಾದು ಮುಂದೆ ಸಾಗುವಾಗ ‘ಥ್ರೂ’. ಊರಿನ ಒಳಹೊಗದೆ ಪಕ್ಕದಿಂದ ಹೋದರೆ ‘ಪಾಸ್ಟ್’. ಊರಿನ ಕಡೆಗೆ ಹೊರಟಿದ್ದೇನೆ, ತಲುಪುವೆನೆಂಬ ಮಾತಿಲ್ಲ, ಎಂಬಲ್ಲಿ ‘ಟುವರ್ಡ್ಸ್’. ತಲುಪಿದ್ದಾಯಿತು ಎಂಬಲ್ಲಿ ‘ಟು’.

ಲೇಪಾಕ್ಷಿಯ ದೇವಾಲಯದ ತೂಗುಕಂಬವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದರ ಬುಡಕ್ಕೂ ನೆಲಕ್ಕೂ ನಡುವೆ ಇರುವ ಸಂದಿನಲ್ಲಿ ಯಾತ್ರಿಕರು ತೆಳುವಾದ ಬಟ್ಟೆಯನ್ನು ತೂರಿಸಿ ಆಚೆಗೆ ಎಳೆಯುತ್ತಾರೆ. ಇದನ್ನು ನಾವು ‘ಕಂಬದ ಕೆಳಗಿನಿಂದ ಬಟ್ಟೆ ಹಾಯಿಸಿದರು’ ಎನ್ನುತ್ತೇವೆ. ‘ಇಂದ’ ಎಂಬುದನ್ನು ಕಂಡೊಡನೆ ವಿದ್ಯಾರ್ಥಿಯು ‘ಫ್ರಂ ಅಂಡರ್’ ಎಂದು ಬರೆಯುವನು. ಹಾಗೆ ಬರೆದರೆ ಕಂಬದ ಕೆಳಗೆ ಮೊದಲೇ ಇದ್ದ ಬಟ್ಟೆಯನ್ನು ಹೊರಗೆಳೆದರೆಂದು ಅರ್ಥವಾಗುವುದು. ಇಲ್ಲಿ ಬೇಕಾದುದು ‘ಅಂಡರ್’ ಒಂದೇ. ‘ಕಿಟಕಿಯಿಂದ ಒಳಗೆ ಬಂದನು’ ಎಂಬಲ್ಲಿಯೂ ಹೀಗೆಯೇ. ಕಿಟಕಿಯು ಹೊರಟ ಸ್ಥಳವಲ್ಲ, ಹಾದುಬಂದ ದಾರಿ. ಆದ್ದರಿಂದ ‘ಫ್ರಂ’ ಸಲ್ಲದು, ‘ಥ್ರೂ’ ಸಲ್ಲುವುದು.

ಇದರಿಂದ ಒಂದು ಮುಖ್ಯವಾದ ಸಂಗತಿ ತಿಳಿಯುತ್ತದೆ. ದಾಟಿ, ಹಾದು, ಹೊಕ್ಕು, ಹತ್ತಿ, ಇಳಿದು, ಸುತ್ತಿ ಎಂಬ ಕ್ರಿಯಾಪದಗಳಿಂದ ನಾವು ದಾರಿಯನ್ನು ಹೇಳುತ್ತೇವೆ; ಇಂಗ್ಲಿಷು ಅದನ್ನು ಬಹುಮಟ್ಟಿಗೆ ಇಂತಹ ಸಣ್ಣ ಮಾತುಗಳಿಂದ ಹೇಳುತ್ತದೆ. ‘ಈಜಿ ಹೊಳೆಯನ್ನು ದಾಟಿದನು’ ಎಂಬಲ್ಲಿ ನಮಗೆ ಎರಡು ಕ್ರಿಯೆಗಳು. ಇಂಗ್ಲಿಷಿನಲ್ಲಿ ‘ಸ್ವ್ಯಾಮ್ ಅಕ್ರಾಸ್’ ಎಂದರೆ ಮುಗಿಯಿತು. ‘ದಾಟು’ ಎಂಬ ಕ್ರಿಯೆಯೇ ‘ಅಕ್ರಾಸ್’ ಆಗಿ ನಿಂತಿತು. ದಾರಿಯನ್ನು ಹೇಳುವಲ್ಲಿ ಭಾಷೆಗಳಿಗಿರುವ ಈ ಬಗೆಯ ಭೇದವನ್ನು ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿಯವರು 1985ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಇದರಲ್ಲಿ ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂಬುದಿಲ್ಲ. ಕ್ರಮ ಬೇರೆ, ಅಷ್ಟೆ.

ಪ್ರಿಪೊಸಿಷನ್ ಬೇಡವೇ ಬೇಡ ಎನ್ನುವ ಸ್ಥಳಗಳೂ ಕೆಲವುಂಟು. ಸ್ಥಳವನ್ನು ತಲುಪಿದೆನೆನ್ನುವ ‘ರೀಚ್’ ಎಂಬುದರ ಮುಂದೆ ‘ಟು’ ಬಾರದು. ಕೋಣೆಯನ್ನು ಹೊಕ್ಕೆನೆನ್ನುವ ‘ಎಂಟರ್’ ಎಂಬುದರ ಮುಂದೆ ‘ಇಂಟು’ ಬಾರದು. ‘ಗೋ ಹೋಮ್’, ‘ಕಮ್ ಹಿಯರ್’ ಎಂಬಲ್ಲಿಯೂ ನಡುವೆ ಏನನ್ನೂ ಸೇರಿಸಕೂಡದು.

ಇಂಗ್ಲಿಷ್ ಬಾರದ ತಂದೆತಾಯಂದಿರೂ ಈ ಅಭ್ಯಾಸದಲ್ಲಿ ಮಕ್ಕಳಿಗೆ ನೆರವಾಗಬಹುದು. ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಕನ್ನಡದಲ್ಲಿ ವಿವರವಾಗಿ ಹೇಳುವಂತೆ ಮಗುವನ್ನು ಕೇಳಿರಿ. ‘ಬೀದಿಯನ್ನು ದಾಟಿ’ ಎಂದಾಗ, ‘ಅಡ್ಡಲಾಗಿಯೋ, ಉದ್ದಕ್ಕೋ?’ ಎನ್ನಿರಿ. ‘ಗುಡಿಯ ಕಡೆಯಿಂದ’ ಎಂದಾಗ, ‘ಗುಡಿಯಿಂದ ಹೊರಟೆಯೋ, ಪಕ್ಕದಲ್ಲಿ ಹಾದುಹೋದೆಯೋ?’ ಎನ್ನಿರಿ. ಮಗು ಈ ಪ್ರಶ್ನೆಗಳಿಗೆ ಸ್ಪಷ್ಟವಾಗಿ ಉತ್ತರ ಕೊಟ್ಟಿತೆಂದರೆ ಅರ್ಧ ಕೆಲಸವಾಯಿತು. ಉಳಿದರ್ಧ ಆ ಉತ್ತರಕ್ಕೆ ತಕ್ಕ ಇಂಗ್ಲಿಷ್ ಮಾತನ್ನು ಇಡುವುದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮುಂದೆ ಕಾಲೇಜಿನಲ್ಲಿ, ಕಛೇರಿಯಲ್ಲಿ ಇಂಗ್ಲಿಷ್ ತೊಡಕಾದೀತೆಂಬ ಅಂಜಿಕೆ ಅನೇಕ ಮನೆಗಳಲ್ಲಿದೆ. ಆ ಅಂಜಿಕೆಗಾಗಿ ತಾಯ್ನುಡಿಯನ್ನು ಬದಿಗಿಡಬೇಕಾಗಿಲ್ಲ. ತನ್ನ ಮಾತಿನ ಅರ್ಥವನ್ನು ತಾನು ಚೆನ್ನಾಗಿ ಬಿಡಿಸಿ ನೋಡಬಲ್ಲವನಿಗೆ ಪರಭಾಷೆಯ ಮಾತನ್ನು ಆರಿಸುವುದು ಸುಲಭ. ಪ್ರಿಯ ವಿದ್ಯಾರ್ಥಿಗಳೇ, ಬರೆಯುವ ಮೊದಲು ದಾರಿಯನ್ನು ಮನಸ್ಸಿನಲ್ಲಿ ಕಾಣಿರಿ. ಎಲ್ಲಿಂದ ಹೊರಟಿರಿ, ಯಾವುದನ್ನು ಹಾದಿರಿ, ಎಲ್ಲಿ ಮುಟ್ಟಿದಿರಿ ಎಂಬುದು ತಿಳಿದ ಮೇಲೆ ಸರಿಯಾದ ಮಾತನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲ.