ಲಿಂಕ್‌ನ ಮುಖ ಬದಲಾದಾಗ

2000ನೇ ಇಸವಿಯ ಆಗಸ್ಟ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ಸ್ಪೇಸ್‌ವರ್ಲ್ಡ್ ಪ್ರದರ್ಶನದಲ್ಲಿ ಒಂದು ಪುಟ್ಟ ದೃಶ್ಯ ತೋರಿಸಿತು. ಹಸಿರು ಅಂಗಿಯ ಯುವಕ ಲಿಂಕ್ ತನ್ನ ಹಳೆಯ ವೈರಿ ಗ್ಯಾನನ್‌ಡಾರ್ಫ್ ಜೊತೆ ಕತ್ತಿ ಹಿಡಿದು ಕಾದುತ್ತಿದ್ದ. ಮೈಕಟ್ಟು, ಬಟ್ಟೆಯ ಮಡಿಕೆ, ಬೆಳಕು ಎಲ್ಲವೂ ಕಣ್ಣಿಗೆ ಸಹಜವಾಗಿದ್ದವು. ಬರಲಿದ್ದ ಗೇಮ್‌ಕ್ಯೂಬ್ ಯಂತ್ರದ ಕಸುವು ತೋರಿಸುವುದಕ್ಕೆಂದು ಮಾಡಿದ ತುಣುಕು ಅದು. ನೋಡಿದವರು ಮಾತ್ರ ಮುಂದಿನ ‘ಲೆಜೆಂಡ್ ಆಫ್ ಜೆಲ್ಡಾ’ ಹೀಗೇ ಇರುತ್ತದೆ ಎಂದು ನಂಬಿಬಿಟ್ಟರು. ಮರುವರ್ಷ ನಿಜವಾದ ಗೇಮ್‌ನ ದೃಶ್ಯಗಳು ಹೊರಬಂದಾಗ ಆ ಯುವಕನ ಜಾಗದಲ್ಲಿ ದಪ್ಪ ತಲೆ, ಗಿಡ್ಡ ಕಾಲು, ಅಗಲ ಕಣ್ಣುಗಳ ಕಾರ್ಟೂನ್ ಹುಡುಗನಿದ್ದ. 2002ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ‘ದ ವಿಂಡ್ ವೇಕರ್’ ಎಂಬ ಆ ಗೇಮ್ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ ಅಭಿಮಾನಿಗಳು ಎರಡು ಬಣವಾಗಿದ್ದರು.

ಸಿಟ್ಟಾದವರನ್ನು ಬಾಯಿಬಡುಕರು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಈ ಸರಣಿ ಶುರುವಾದದ್ದು 1986ರಲ್ಲಿ. ಹೈರೂಲ್ ಎಂಬ ರಾಜ್ಯ, ಅದರ ರಾಜಕುಮಾರಿ ಜೆಲ್ಡಾ, ಅವಳಿಗೆ ನೆರವಾಗುವ ಲಿಂಕ್, ಇವಿಷ್ಟು ಅದರ ಮೂಲಸಾಮಗ್ರಿ. 1998ರ ‘ಒಕರಿನಾ ಆಫ್ ಟೈಮ್’ ಈ ಲೋಕವನ್ನು ಮೊದಲ ಬಾರಿಗೆ ಮೂರು ಆಯಾಮಕ್ಕೆ ತಂದಿತು. ಅದರಲ್ಲಿ ಹುಡುಗ ಲಿಂಕ್ ಏಳು ವರ್ಷ ನಿದ್ರಿಸಿ ಯುವಕನಾಗಿ ಏಳುತ್ತಾನೆ. ಆ ಆಟ ಆಡಿದ ಮಕ್ಕಳೂ ಅಷ್ಟರಲ್ಲಿ ಹದಿಹರೆಯಕ್ಕೆ ಕಾಲಿಟ್ಟಿದ್ದರು. ತಮ್ಮ ನಾಯಕನೂ ತಮ್ಮೊಂದಿಗೆ ಬೆಳೆಯಲಿ ಎಂದು ಅವರು ಬಯಸಿದ್ದರಲ್ಲಿ ತಪ್ಪೇನಿದೆ? ಅದೇ 2001ರಲ್ಲಿ ‘ಹೇಲೊ’, ‘ಗ್ರ್ಯಾಂಡ್ ಥೆಫ್ಟ್ ಆಟೊ 3’ ಬಂದು ಗೇಮ್ ಎಂದರೆ ದೊಡ್ಡವರ ವಿಷಯವೂ ಹೌದು ಎಂದು ಸಾರುತ್ತಿದ್ದವು. ಅಂಥ ಹೊತ್ತಿನಲ್ಲಿ ತಮ್ಮ ಪ್ರೀತಿಯ ಗೇಮ್ ಮಕ್ಕಳ ಕಾರ್ಟೂನಿನಂತೆ ಕಂಡರೆ ತಮ್ಮನ್ನೇ ಹಗುರವಾಗಿ ಕಂಡಂತೆ ಅನಿಸುವುದು ಸಹಜ.

ಇಷ್ಟನ್ನು ಒಪ್ಪಿಕೊಂಡೇ ನನ್ನ ವಾದ ಮುಂದಿಡುತ್ತೇನೆ. ಇಂಥ ಜಗಳಗಳಲ್ಲಿ ಎರಡು ಬೇರೆ ಬೇರೆ ದೂರುಗಳು ಬೆರೆತುಹೋಗುತ್ತವೆ. ಹೊಸದು ಹಳೆಯದರಂತಿಲ್ಲ ಎಂಬುದು ಒಂದು, ಹೊಸದು ತನ್ನ ಕೆಲಸವನ್ನೇ ಸರಿಯಾಗಿ ಮಾಡಿಲ್ಲ ಎಂಬುದು ಇನ್ನೊಂದು. ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಕೇಳಿಸುವುದೇ ಇಲ್ಲ. ವಿಂಡ್ ವೇಕರ್‌ನ ಮಟ್ಟಿಗೆ ಮುಖದ ಮೇಲಿನ ದೂರು ತಪ್ಪಾಗಿತ್ತು, ಕಡಲಿನ ಮೇಲಿನ ದೂರು ಸರಿಯಾಗಿತ್ತು.

ಮುಖದ ವಿಷಯ ನೋಡೋಣ. ಇಲ್ಲಿ ಬಳಸಿದ ತಂತ್ರಕ್ಕೆ ಸೆಲ್ ಶೇಡಿಂಗ್ ಎನ್ನುತ್ತಾರೆ. ನೆರಳು ನಯವಾಗಿ ಕರಗುತ್ತಾ ಹೋಗುವ ಬದಲು ಕೈಯಲ್ಲಿ ಬರೆದ ಕಾರ್ಟೂನಿನಂತೆ ಬಣ್ಣದ ಒಂದೆರಡು ಪಟ್ಟಿಗಳಾಗಿ ನಿಲ್ಲುತ್ತದೆ. ಇದರಿಂದ ಲಿಂಕ್‌ಗೆ ಸಿಕ್ಕಿದ್ದು ಮುಖಭಾವ. ಆಟದುದ್ದಕ್ಕೂ ಹೆಚ್ಚುಕಡಿಮೆ ಮಾತೇ ಆಡದ ಪಾತ್ರ ಅವನದು. ಅಂಥವನು ಹೆದರಿದ್ದು, ಬೆರಗಾದದ್ದು, ತಂಗಿ ಅರಿಲ್‌ಳನ್ನು ದೈತ್ಯಹಕ್ಕಿ ಹೊತ್ತೊಯ್ದಾಗ ಕಂಗಾಲಾದದ್ದು ಎಲ್ಲವೂ ಆ ಅಗಲ ಕಣ್ಣುಗಳಲ್ಲಿ ಕಾಣುತ್ತದೆ. ಹತ್ತಿರದಲ್ಲಿ ಗಮನಿಸಬೇಕಾದ ವಸ್ತುವಿದ್ದರೆ ಕಣ್ಣು ತಾನಾಗಿ ಅತ್ತ ಹೊರಳುತ್ತದೆ, ಆಡುವವರಿಗೆ ಅದೇ ಸುಳಿವು. ಗಾಳಿಯನ್ನೇ ಕೇಂದ್ರವಾಗಿಟ್ಟುಕೊಂಡ ಈ ಗೇಮ್‌ನಲ್ಲಿ ಗಾಳಿ ಬಿಳಿ ಸುರುಳಿಗೆರೆಗಳಾಗಿ ಕಣ್ಣಿಗೆ ಬೀಳುತ್ತದೆ, ನಿಜದಂತಿರುವ ಚಿತ್ರದಲ್ಲಿ ಅದು ಹೊಂದುತ್ತಲೇ ಇರಲಿಲ್ಲ. ಆ ಕಾಲಕ್ಕೆ ನಿಜದಂತೆ ಕಂಡಿದ್ದ ಎಷ್ಟೋ ಗೇಮ್‌ಗಳು ಇಂದು ಮಂಕಾಗಿ ಕಂಡರೆ ಇದು ಇನ್ನೂ ಲಕಲಕ ಹೊಳೆಯುತ್ತದೆ.

ಕತೆಯನ್ನು ಗಮನಿಸಿದರೆ ಈ ಬದಲಾವಣೆ ಇನ್ನಷ್ಟು ಅರ್ಥವಾಗುತ್ತದೆ. ಹಿಂದೆ ವೀರನೊಬ್ಬ ಹೈರೂಲನ್ನು ಕಾಪಾಡಿದ್ದ. ಕೇಡು ಮರಳಿ ಬಂದಾಗ ಜನ ಅವನಿಗಾಗಿ ಕಾದರು, ಅವನು ಬರಲಿಲ್ಲ. ಕಡೆಗೆ ದೇವತೆಗಳು ರಾಜ್ಯವನ್ನೇ ನೀರಿನಲ್ಲಿ ಮುಳುಗಿಸಿದರು. ಉಳಿದದ್ದು ಬೆಟ್ಟದ ತುದಿಗಳಾದ ದ್ವೀಪಗಳು. ಲಿಂಕ್‌ನ ಊರಲ್ಲಿ ಹುಡುಗರು ಆ ವೀರನ ವಯಸ್ಸಿಗೆ ಬಂದ ದಿನ ಹಸಿರು ಅಂಗಿ ತೊಡಿಸುತ್ತಾರೆ, ಇವನೂ ಅಜ್ಜಿ ಕೊಟ್ಟಿದ್ದಕ್ಕೆ ತೊಡುತ್ತಾನೆ. ಸರಣಿಯ ಗುರುತೇ ಆಗಿದ್ದ ಉಡುಪು ಇಲ್ಲಿ ಹಬ್ಬದ ಆಚರಣೆಯಷ್ಟೇ ಆಗಿ ಉಳಿದಿದೆ. ಕೊನೆಯಲ್ಲಿ ಹೈರೂಲ್‌ನ ಮುದಿ ರಾಜ ಏನು ಬೇಕಾದರೂ ಕೇಳಿಕೊಳ್ಳಬಹುದಾದ ಗಳಿಗೆಯಲ್ಲಿ ತನ್ನ ರಾಜ್ಯ ಪೂರ್ತಿ ಕೊಚ್ಚಿಹೋಗಲಿ, ಲಿಂಕ್‌ನಂಥ ಮಕ್ಕಳಿಗೆ ಅವರದೇ ನಾಳೆಯಿರಲಿ ಎಂದು ಕೋರುತ್ತಾನೆ. ಹಳೆಯದನ್ನು ಎಷ್ಟು ಕಾಲ ಹಿಡಿದಿರಬೇಕು ಎಂದು ಅಭಿಮಾನಿಗಳು ಹೊರಗೆ ಜಗಳವಾಡುತ್ತಿದ್ದರೆ, ಅದೇ ಪ್ರಶ್ನೆಗೆ ಗೇಮ್ ಒಳಗಿಂದ ಉತ್ತರ ಕೊಡುತ್ತಿತ್ತು. ಇಷ್ಟು ಬೇರೆಯಾಗಿ ಮಾಡುವುದಿದ್ದರೆ ಬೇರೆ ಹೆಸರಿಡಬಹುದಿತ್ತಲ್ಲ ಎನ್ನುವವರಿಗೂ ಇದೇ ನನ್ನ ಉತ್ತರ. ಕಡಲ ತಳದಲ್ಲಿ ಕಾಲ ನಿಂತುಹೋದ ಕೋಟೆಯನ್ನು ಕಂಡಾಗ ಎದೆ ಭಾರವಾಗಬೇಕಾದರೆ ಆ ರಾಜ್ಯ ಮೊದಲೇ ನಮ್ಮದಾಗಿರಬೇಕು.

ಕಡಲಿನ ದೂರು ಬೇರೆಯದು. ಇಲ್ಲಿ ಆಟದ ದೊಡ್ಡ ಪಾಲು ದೋಣಿಯಲ್ಲಿ ಕಳೆಯುತ್ತದೆ. ದಿಕ್ಕು ಬದಲಿಸಬೇಕೆಂದರೆ ಪ್ರತಿ ಸಲ ಹಾಯಿ ಇಳಿಸಿ, ಮಂತ್ರಕೋಲಾಡಿಸಿ, ಗಾಳಿ ತಿರುಗಿಸಿ ಮತ್ತೆ ಹೊರಡಬೇಕು. ಮೊದಮೊದಲು ಹಿತವೆನಿಸುವ ಇದು ಬರಬರುತ್ತಾ ದಣಿಸುತ್ತದೆ. ಕೊನೆಯ ಭಾಗದಲ್ಲಿ ಟ್ರೈಫೋರ್ಸ್ ಎಂಬ ದಿವ್ಯವಸ್ತುವಿನ 8 ಚೂರುಗಳನ್ನು ಕಡಲಿನಿಂದ ಎತ್ತಬೇಕು. ಒಂದೊಂದಕ್ಕೂ ಒಂದು ನಕ್ಷೆ, ಆ ನಕ್ಷೆ ಓದಿಸಿಕೊಳ್ಳಲು ಟಿಂಗಲ್ ಎಂಬಾತನಿಗೆ 398 ರೂಪೀ, ಅಂದರೆ ಆ ಲೋಕದ ನಾಣ್ಯ. ಕತೆ ಬಿಗಿಯಾಗಬೇಕಾದ ಹೊತ್ತಿನಲ್ಲಿ ಕಾಸು ಕೂಡಿಸುವ ಕೆಲಸ. ಸಮಯ ಸಾಲದೆ ಕೆಲವು ಹಂತಗಳನ್ನು ಕೈಬಿಟ್ಟದ್ದನ್ನು ತಯಾರಕರೇ ಮುಂದೆ ಒಪ್ಪಿಕೊಂಡರು.

ವಿಂಡ್ ವೇಕರ್‌ಗೆ ಇಂದು ಸಿಕ್ಕಿರುವ ಮನ್ನಣೆಯ ಬಗ್ಗೆ, ಕಾಲ ಕಳೆದಂತೆ ಎಲ್ಲ ಗೇಮ್‌ಗಳಿಗೂ ಅದು ಸಿಗುತ್ತದೆ, 2003ರಲ್ಲಿ ಮಕ್ಕಳಾಗಿದ್ದವರು ಬೆಳೆದು ಹೊಗಳುತ್ತಿದ್ದಾರೆ ಅಷ್ಟೆ ಎಂಬ ಆಕ್ಷೇಪವಿದೆ. ಅದರಲ್ಲಿ ಒಂದಿಷ್ಟು ನಿಜವಿದೆ. ಆದರೆ ಇದೇ ಸರಣಿಯ ಎರಡನೆಯ ಗೇಮ್, 1987ರ ‘ದ ಅಡ್ವೆಂಚರ್ ಆಫ್ ಲಿಂಕ್’, ಮೇಲಿನಿಂದ ನೋಡುವ ನೋಟವನ್ನು ಬಹುಮಟ್ಟಿಗೆ ಬಿಟ್ಟು ಪಕ್ಕದ ನೋಟ ಹಿಡಿದಿತ್ತು, ಅನುಭವದ ಅಂಕ ಕೂಡಿಸುವ ಕ್ರಮ ತಂದಿತ್ತು. ಅದಕ್ಕೂ ನಿಷ್ಠಾವಂತರಿದ್ದಾರೆ. ಆದರೂ ಇಷ್ಟು ದಶಕ ಕಳೆದ ಮೇಲೂ ಅದಕ್ಕೆ ವಿಂಡ್ ವೇಕರ್‌ನಷ್ಟು ಮನ್ನಣೆ ಸಿಕ್ಕಿಲ್ಲ, ಸರಣಿಯ ಮುಖ್ಯ ಗೇಮ್‌ಗಳು ಅದರ ಚೌಕಟ್ಟಿಗೆ ಮರಳಿಲ್ಲ. ಹೊಸತು ಎಂಬ ಒಂದೇ ಕಾರಣಕ್ಕೆ ಯಾವುದೂ ಉಳಿಯುವುದಿಲ್ಲ, ಬದಲಾವಣೆಯಿಂದ ಏನು ದಕ್ಕಿತು ಎಂಬುದು ಮುಖ್ಯ.

ಅಭಿಮಾನಿಗಳ ಗದ್ದಲಕ್ಕೆ ಬೆಲೆ ತೆರಬೇಕಾಯಿತು. ಜಪಾನಿನ ಫಾಮಿತ್ಸು ಪತ್ರಿಕೆ 40ಕ್ಕೆ 40 ಅಂಕ ಕೊಟ್ಟರೂ ವಿಂಡ್ ವೇಕರ್‌ನ ಮಾರಾಟ 45 ಲಕ್ಷದ ಆಸುಪಾಸಿನಲ್ಲಿ ನಿಂತಿತು. ಒಕರಿನಾ 75 ಲಕ್ಷ ದಾಟಿತ್ತು. ಗೇಮ್‌ಕ್ಯೂಬ್ ಯಂತ್ರವೇ ಕಡಿಮೆ ಜನರ ಮನೆ ಸೇರಿತ್ತು ಎಂಬುದನ್ನೂ ನೆನೆಯಬೇಕು. ಆದರೂ ಅಮೆರಿಕದಲ್ಲಿ ಮಾರಾಟ ಕುಂದಲು ಕಾರ್ಟೂನ್ ರೂಪವೇ ಕಾರಣ ಎಂಬ ಮಾತು ನಿರ್ದೇಶಕ ಐಜಿ ಅವೊನುಮಾ ಅವರ ಕಿವಿಗೆ ಬಿತ್ತು. ಯೋಚನೆಯಲ್ಲಿದ್ದ ಮುಂದಿನ ಭಾಗ ಬದಿಗೆ ಸರಿದು 2006ರಲ್ಲಿ ಗಂಭೀರ ಮುಖದ ‘ಟ್ವೈಲೈಟ್ ಪ್ರಿನ್ಸೆಸ್’ ಬಂತು. ಮುಖದ ದೂರಿಗೆ ವಿಂಡ್ ವೇಕರ್ ಬಂದ ನಾಲ್ಕೇ ವರ್ಷದಲ್ಲಿ ಉತ್ತರ ಸಿಕ್ಕಿತು. ಕಡಲಿನ ದೂರಿಗೆ ಉತ್ತರ ಬರಲು ಅದೇ ಗೇಮ್‌ನ 2013ರ ಹೊಸ ಆವೃತ್ತಿಯವರೆಗೆ ಕಾಯಬೇಕಾಯಿತು. ಅದರಲ್ಲಿ ವೇಗದ ಹಾಯಿ ಬಂತು, 8 ಚೂರುಗಳಲ್ಲಿ 5 ನಕ್ಷೆಯಿಲ್ಲದೆ ನೇರವಾಗಿ ಸಿಗುವಂತಾಯಿತು. ಬೆಳಕು ನೆರಳನ್ನು ಒಂದಿಷ್ಟು ತಿದ್ದಿದರು. ದಪ್ಪ ತಲೆಯ, ಅಗಲ ಕಣ್ಣಿನ ಆ ಹುಡುಗನನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.