ಠಾಣೆಯ ಅಂಕಿಯೂ ಬೀದಿಯ ಅಭಯವೂ

"ನಗರದಲ್ಲಿ ಹಲ್ಲೆ ಪ್ರಕರಣಗಳ ಹೆಚ್ಚಳ" ಎಂಬ ತಲೆಬರಹವು ಜಿಲ್ಲಾ ಪತ್ರಿಕೆಯಲ್ಲಿ ಕಾಣಿಸಿಕೊಂಡ ದಿನ, ಹಾಸನದಂಥ, ಚಿಕ್ಕಮಗಳೂರಿನಂಥ ಸಣ್ಣ ನಗರದಲ್ಲಿ ಬಾಡಿಗೆಗೆ ಮನೆ ಹುಡುಕುತ್ತಿರುವ ಗೃಹಸ್ಥನು ತನ್ನ ಪಟ್ಟಿಯಿಂದ ಒಂದೆರಡು ಬಡಾವಣೆಗಳನ್ನು ಹೊಡೆದುಹಾಕುತ್ತಾನೆ; ಸಂಜೆಯ ಪಾಠಕ್ಕೆ ಹೋಗಿಬರುವ ಮಗಳಿಗೆ ಬೇರೆ ದಾರಿಯನ್ನು ಹೇಳಿಕೊಡುತ್ತಾನೆ; "ಆ ಏರಿಯಾ ಸರಿಯಿಲ್ಲ" ಎಂಬ ಮಾತು ಹೋಟೆಲಿನ ಮೇಜಿನಿಂದ ಮೇಜಿಗೆ ದಾಟಿ ವಾರದೊಳಗೆ ಊರಿನ ನಂಬಿಕೆಯಾಗಿ ನೆಲೆಗೊಳ್ಳುತ್ತದೆ. ಮಕ್ಕಳೊಂದಿಗರ ಈ ಭಯವನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಆದರೆ ಭಯಕ್ಕೆ ಆಧಾರವಾಗಿ ಹಿಡಿದ ಅಂಕಿಯು ಅಳೆದದ್ದು ಏನನ್ನು ಎಂಬುದನ್ನು ವಿಚಾರಿಸದೆ ಒಂದು ಬೀದಿಗೆ ಕಳಂಕ ಹಚ್ಚುವುದೂ ಇನ್ನೊಂದು ಬೀದಿಯಲ್ಲಿ ನಿಶ್ಚಿಂತೆಯಿಂದ ಮಲಗುವುದೂ ಸಮಾನವಾಗಿ ಅಪಾಯಕರವೆಂದು ನನಗೆ ತೋರುತ್ತದೆ.

ದಾಖಲಾದ ಪ್ರಕರಣಗಳು ಹೆಚ್ಚಿದುವೆಂದರೆ ಹೊಡೆದಾಟಗಳೇ ಹೆಚ್ಚಿದುವು ಎಂಬುದು ಇಂಥ ನಂಬಿಕೆಗಳಲ್ಲೆಲ್ಲ ಅತ್ಯಂತ ಆಳವಾಗಿ ಬೇರೂರಿರುವುದು. ಠಾಣೆಯ ಪುಸ್ತಕಕ್ಕೆ ಸೇರುವುದಾದರೋ ಠಾಣೆಯ ಮೆಟ್ಟಿಲು ಹತ್ತಿದವರ ನೋವು ಮಾತ್ರ; ಅದರಲ್ಲಿಯೂ ಎಲ್ಲವೂ ಸೇರುವುದಿಲ್ಲ. ಹೊಡೆದು ನೂಕಿ ಸಾಧಾರಣ ಗಾಯ ಮಾಡಿದ ಅಪರಾಧವು, ಹಿಂದೆ ಭಾರತೀಯ ದಂಡಸಂಹಿತೆಯ ೩೨೩ನೆಯ ಕಲಮಿಗೂ ೨೦೨೪ರ ಜುಲೈ ೧ರಿಂದ ಈಚೆಗೆ ಭಾರತೀಯ ನ್ಯಾಯ ಸಂಹಿತೆಯ ೧೧೫ನೆಯ ಕಲಮಿಗೂ ಒಳಪಟ್ಟು, ಅಸಂಜ್ಞೇಯವೆಂದು ಪರಿಗಣಿತವಾಗಿರುವುದರಿಂದ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ಅದರ ತನಿಖೆಗೆ ತೊಡಗುವಂತಿಲ್ಲ. ಅಂಥ ಎಷ್ಟೋ ಜಗಳಗಳು ಅಸಂಜ್ಞೇಯ ಪ್ರಕರಣಗಳ ಎನ್.ಸಿ. ಪುಸ್ತಕದ ಒಂದು ನಮೂದಾಗಿ, ಇಲ್ಲವೆ ಹಿರಿಯರ ಮುಂದೆ ರಾಜಿಯಾಗಿ, ಎಫ್‌ಐಆರ್‌ಗಳ ಲೆಕ್ಕದಿಂದ ಹೊರಗುಳಿಯುತ್ತವೆ. ಅಪರಾಧದ ನೋಂದಣಿ ಹೆಚ್ಚುವುದೂ ಅಪರಾಧವೇ ಹೆಚ್ಚುವುದೂ ಬೇರೆ ಬೇರೆ ಸಂಗತಿಗಳೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತನ್ನ ವಾರ್ಷಿಕ ವರದಿಯಲ್ಲಿ ತಾನೇ ಎಚ್ಚರಿಸುತ್ತ ಬಂದಿದೆ. ಲಕ್ಷ ಜನಸಂಖ್ಯೆಗೆ ದಾಖಲಾಗುವ ಪ್ರಕರಣಗಳ ದರದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವ ಕೇರಳವು, ಮುಚ್ಚಿಡಲು ಬಹು ಕಷ್ಟವಾದ ಕೊಲೆಯ ದರದಲ್ಲಿ ರಾಷ್ಟ್ರದ ಸರಾಸರಿಗಿಂತ ಕೆಳಗಿರುವುದನ್ನು ನೋಡಿದರೆ, ಅಲ್ಲಿ ಹೆಚ್ಚಿರುವುದು ದೂರು ಬರೆಸುವ ಧೈರ್ಯವೂ ಬರೆದುಕೊಳ್ಳುವ ಅಭ್ಯಾಸವೂ ಎಂದು ಊಹಿಸಲು ಕಾರಣವಿದೆ.

ಈ ವಿಷಯದಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ರಾಜಧಾನಿಯಾದ ಕಾರ್ಡಿಫ್ ನಗರದ ವೃತ್ತಾಂತವು ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿದೆ. ಅದು ನಮ್ಮ ಶಿವಮೊಗ್ಗೆಯಷ್ಟೇ, ಅಂದರೆ ಸುಮಾರು ಮೂರೂವರೆ ಲಕ್ಷ ಜನರ ಊರು. ಅಲ್ಲಿ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರಾಗಿದ್ದ ಜೊನಾಥನ್ ಶೆಪರ್ಡ್ ಎಂಬವರು, ಮದ್ಯದಂಗಡಿಗಳ ಕಾದಾಟದಲ್ಲಿ ಒಡೆದ ಗಾಜಿನಿಂದ ಸೀಳಿದ ಮುಖಗಳನ್ನು ಹೊಲಿಯುತ್ತ ಹೊಲಿಯುತ್ತ, ತಾವು ಕಂಡ ಗಾಯಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವಿಚಾರ ಪೊಲೀಸರಿಗೆ ಗೊತ್ತೇ ಇಲ್ಲವೆಂಬುದನ್ನು ಕಂಡುಕೊಂಡರು. ಹಲ್ಲೆಗಾರನ ಭಯ, ತನ್ನ ತಪ್ಪೂ ಹೊರಬಿದ್ದೀತೆಂಬ ಅಂಜಿಕೆ, ದೂರು ಕೊಟ್ಟು ಫಲವೇನೆಂಬ ನಿರಾಶೆ, ಇವು ಯಾವ ದೇಶದ ಗಾಯಾಳುವಿಗೂ ಹೊಸವಲ್ಲ. ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಹೆಸರು ಬರೆದುಕೊಳ್ಳುವ ಗುಮಾಸ್ತರು ಎಲ್ಲಿ, ಯಾವಾಗ, ಯಾವ ಆಯುಧದಿಂದ ಎಂಬುದನ್ನೂ ಕೇಳಿ ಗುರುತು ಹಾಕಿಕೊಳ್ಳತೊಡಗಿದರು. ಗಾಯಾಳುವಿನ ಹೆಸರನ್ನು ತೆಗೆದುಹಾಕಿ ಆ ವಿವರಗಳನ್ನು ಪೊಲೀಸರಿಗೂ ನಗರಸಭೆಗೂ ಒಪ್ಪಿಸುವ ಏರ್ಪಾಡಾಯಿತು. ಗಸ್ತು ಎಲ್ಲಿ ಬೇಕು, ಯಾವ ಮದ್ಯದಂಗಡಿಯ ಪರವಾನಗಿಯನ್ನು ಪ್ರಶ್ನಿಸಬೇಕು ಎಂಬುದು ಆ ಪಟ್ಟಿಯಿಂದ ನಿರ್ಧಾರವಾಗತೊಡಗಿತು. ೨೦೧೧ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂಸೆಗೆ ಗುರಿಯಾಗಿ ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಲಕ್ಷಕ್ಕೆ ತಿಂಗಳಿಗೆ ೭ರಿಂದ ೫ಕ್ಕೆ ಇಳಿಯಿತು. ಅದೇ ಕಾಲದಲ್ಲಿ ಹೋಲಿಕೆಯ ಇತರ ನಗರಗಳಲ್ಲಿ ಅದು ೫ರಿಂದ ೮ಕ್ಕೆ ಏರಿತ್ತು. ಈಗ ಗಮನಿಸತಕ್ಕ ಅಂಶವೆಂದರೆ, ಅದೇ ಕಾರ್ಡಿಫ್‌ನಲ್ಲಿ ಪೊಲೀಸರು ದಾಖಲಿಸಿದ ಸಣ್ಣ ಹಲ್ಲೆಗಳು ಲಕ್ಷಕ್ಕೆ ತಿಂಗಳಿಗೆ ೧೫ರಿಂದ ೨೦ಕ್ಕೆ ಹೆಚ್ಚಿದುವು. ಪೊಲೀಸರು ಬೇಗನೆ ತಲಪಿದ್ದರಿಂದ, ಕೈಕೈ ಮಿಲಾಯಿಸುವ ಘಟ್ಟದಲ್ಲಿಯೇ ಜಗಳವು ನಿಂತು ಪುಸ್ತಕಕ್ಕೆ ಏರಿತು, ಶಸ್ತ್ರಚಿಕಿತ್ಸೆಯ ಮೇಜಿಗೆ ಏರಲಿಲ್ಲವೆಂದು ತೋರುತ್ತದೆ. ಠಾಣೆಯ ಆ ಒಂದು ಅಂಕಿಯನ್ನಷ್ಟೇ ಓದಿದವನು, ಊರು ಸುರಕ್ಷಿತವಾಗುತ್ತಿದ್ದ ಕಾಲದಲ್ಲಿಯೇ ಊರು ಕೆಟ್ಟಿತೆಂದು ಬರೆದಿರುತ್ತಿದ್ದನು.

ಸಣ್ಣ ನಗರಕ್ಕೆ ಇನ್ನೊಂದು ತೊಡಕುಂಟು. ಮೂರು ಲಕ್ಷ ಜನರ ಊರಿನಲ್ಲಿ ಒಂದು ವರ್ಷ ಮೂರು ಕೊಲೆಗಳೂ ಮರುವರ್ಷ ಆರು ಕೊಲೆಗಳೂ ಆದುವೆಂದು ಭಾವಿಸೋಣ. ದರವು ಲಕ್ಷಕ್ಕೆ ಒಂದರಿಂದ ಎರಡಾಯಿತು, ಕೊಲೆ ದ್ವಿಗುಣವಾಯಿತೆಂಬ ತಲೆಬರಹವೂ ಸಿದ್ಧವಾಯಿತು. ಹೆಚ್ಚಿನ ಮೂರೂ ಒಂದೇ ಮನೆತನದ ಜಮೀನಿನ ವ್ಯಾಜ್ಯದಲ್ಲಿ ಒಂದೇ ರಾತ್ರಿ ನಡೆದವಾಗಿದ್ದರೂ ಲೆಕ್ಕವು ಅದನ್ನು ಹೇಳುವುದಿಲ್ಲ. ಐದಾರು ವರ್ಷಗಳನ್ನು ಒಟ್ಟಿಗೆ ನೋಡದೆ ಇಂಥ ಏರಿಳಿತಕ್ಕೆ ಅರ್ಥ ಕಟ್ಟಲಾಗದು. ಊರುಗಳನ್ನು ಒಂದಕ್ಕೊಂದು ಹೋಲಿಸಿ ಸ್ಥಾನ ಕೊಡುವವರು ನೆನೆಯಬೇಕಾದುದೆಂದರೆ, ಬ್ಯೂರೋದ ಈಚಿನ ವರದಿಗಳಲ್ಲಿ ನಗರವಾರು ಪಟ್ಟಿಯಿರುವುದು ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಹತ್ತೊಂಬತ್ತು ಮಹಾನಗರಗಳಿಗೆ ಮಾತ್ರ. ಕರ್ನಾಟಕದಿಂದ ಅದರಲ್ಲಿರುವುದು ಬೆಂಗಳೂರೊಂದೇ.

ಬಡಾವಣೆಗೆ ಬಡಾವಣೆಯೇ ಕೆಟ್ಟದೆಂಬುದೂ ಹೀಗೆಯೇ ಸಡಿಲವಾದ ಮಾತು. ಅಮೆರಿಕದ ಮಿನಿಯಾಪೊಲಿಸ್ ನಗರವನ್ನು ಕುರಿತು ಲಾರೆನ್ಸ್ ಶರ್ಮನ್ ಮತ್ತು ಅವರ ಸಹೋದ್ಯೋಗಿಗಳು ೧೯೮೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ನಗರದ ನೂರಕ್ಕೆ ಸುಮಾರು ಮೂರು ವಿಳಾಸಗಳಿಂದಲೇ ಹೊರಟಿದ್ದುವು. ಅಪಾಯವು ನೆಲೆಸುವುದು ಒಂದು ಮೂಲೆಯಲ್ಲಿ, ಒಂದು ಅಂಗಡಿಯ ಮುಂದೆ, ದಿನದ ಕೆಲವು ಗಂಟೆಗಳಲ್ಲಿ. ಬಸ್ ನಿಲ್ದಾಣದ ಆಸುಪಾಸಿನಲ್ಲಂತೂ ವಾಸಿಸುವವರು ನೂರು, ಹಾದುಹೋಗುವವರು ಸಾವಿರಾರು. ಹಾದುಹೋದವರ ಜಗಳವನ್ನು ಅಲ್ಲಿ ವಾಸಿಸುವವರ ಮೇಲೆ ಭಾಗಿಸಿ ಅವರ ನೆರೆಹೊರೆಯನ್ನು ದೂಷಿಸುವುದು ನ್ಯಾಯವಲ್ಲ.

ಅಪರಿಚಿತನೇ ಅಪಾಯವೆಂಬ ನಂಬಿಕೆಯನ್ನು ಕುರಿತು ಬರೆಯುವಾಗ ನನ್ನ ಕೈ ಭಾರವಾಗುತ್ತದೆ. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಪತಿಯಿಂದ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದ ವಿವಾಹಿತ ಸ್ತ್ರೀಯರು ರಾಷ್ಟ್ರದಲ್ಲಿ ನೂರಕ್ಕೆ ೨೯, ನಮ್ಮ ಕರ್ನಾಟಕದಲ್ಲಿ ನೂರಕ್ಕೆ ೪೪. ಹಿಂಸೆಗೆ ಗುರಿಯಾದ ಸ್ತ್ರೀಯರಲ್ಲಿ ಯಾರ ಬಳಿಯಾದರೂ ಸಹಾಯ ಕೋರಿದವರು ದೇಶದಲ್ಲಿ ನೂರಕ್ಕೆ ೧೪ ಮಾತ್ರ. ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ ಆಗಿರುತ್ತಾರೆ. "ಒಳ್ಳೆಯ ಬಡಾವಣೆ"ಯ ಮುಚ್ಚಿದ ಬಾಗಿಲ ಹಿಂದಣ ಈ ಪೆಟ್ಟುಗಳು ಯಾವ ಏರಿಯಾದ ಹೆಸರನ್ನೂ ಕೆಡಿಸುವುದಿಲ್ಲ. ಬೀದಿಯಲ್ಲಿ ಡೇರೆ ಹಾಕಿದ ಅಲೆಮಾರಿಯ ಮೇಲಾದರೋ ಸಂಶಯವು ತಾನಾಗಿ ಎರಗುತ್ತದೆ. ಹುಟ್ಟಿನಿಂದಲೇ ಕೆಲವು ಜನಗಳನ್ನು ಅಪರಾಧಿಗಳೆಂದು ಸಾರಿದ ೧೮೭೧ರ ಬ್ರಿಟಿಷ್ ಕಾಯಿದೆಯು ೧೯೫೨ರಲ್ಲಿ ರದ್ದಾದರೂ, ಅದು ಬಿತ್ತಿದ ಸಂಶಯವು ರದ್ದಾಗಿಲ್ಲ. ೨೦೧೮ರ ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಕಡೆಯ ಪ್ರಯಾಣಿಕರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ವದಂತಿಯ ಮೇಲೆ ನಂಬಿದ ಗುಂಪು, ಅವರಲ್ಲೊಬ್ಬ ತರುಣ ಇಂಜಿನಿಯರನ್ನು ಹೊಡೆದು ಕೊಂದಿತು. ಅಂದು ಆ ದಾರಿಯಲ್ಲಿದ್ದ ಅಪಾಯವೆಲ್ಲವೂ ಆ ಭಯದಿಂದಲೇ ಹುಟ್ಟಿತ್ತು.

ಕಾರ್ಡಿಫ್‌ನಂತೆ ಲೆಕ್ಕವಿಡಲು ನಮಗೂ ದಾರಿಯುಂಟು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿಯೂ, ಪೆಟ್ಟು ತಿಂದು ಬಂದವರ ವಿಷಯದಲ್ಲಿ ಎಂ.ಎಲ್.ಸಿ., ಅಂದರೆ ವೈದ್ಯಕೀಯ-ಕಾನೂನು ಪ್ರಕರಣವೆಂದು ಬರೆದು ಠಾಣೆಗೆ ತಿಳಿಸುವ ಪದ್ಧತಿ ಹಿಂದಿನಿಂದ ಇದೆ. ಬಿದ್ದೆನೆಂದು ಹೇಳುವ ಹೆಂಗಸಿನ ಮುರಿದ ಮುಂಗೈಯೂ, ಶನಿವಾರ ರಾತ್ರಿ ಬಾರಿನ ಮುಂದೆ ಸೀಳಿದ ಹುಬ್ಬೂ ಬರುವುದು ಆ ಒಂದೇ ಬಾಗಿಲಿಗೆ. ಅಲ್ಲಿ ಬರೆದುಕೊಂಡ ಸ್ಥಳವನ್ನೂ ವೇಳೆಯನ್ನೂ ಹೆಸರು ಬಿಟ್ಟು ತಿಂಗಳಿಗೊಮ್ಮೆ ಒಟ್ಟುಗೂಡಿಸಿ ನಗರಸಭೆಯ ಮುಂದಿಟ್ಟರೆ, ಯಾವ ತಿರುವಿನಲ್ಲಿ ದೀಪವಿಲ್ಲ, ಯಾವ ಅಂಗಡಿಯ ಬಾಗಿಲು ಹೊತ್ತು ಮೀರಿ ತೆರೆದಿರುತ್ತದೆ, ಯಾವ ಬೀದಿಗೆ ಗಸ್ತು ಹತ್ತು ಗಂಟೆಗಲ್ಲ, ಹನ್ನೊಂದಕ್ಕೆ ಬರಬೇಕು ಎಂಬುದು ತಿಳಿದೀತು. ಮನೆ ಹುಡುಕುವ ಆ ಗೃಹಸ್ಥನು ತನ್ನ ವಾರ್ಡಿನ ಸದಸ್ಯರನ್ನು ಕೇಳಬೇಕಾದದ್ದು ಈ ಪಟ್ಟಿಯನ್ನು.