‘ಸೂಕ್ತ ಕೈಗವಸು’ ಎಂದರೆ ಯಾವುದು?

ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಸಿಟೋನ್ ಎಂದರೆ ಅಡುಗೆಮನೆಯ ನಲ್ಲಿನೀರಿದ್ದ ಹಾಗೆ. ತೊಳೆದ ಫ್ಲಾಸ್ಕು ಬೇಗ ಒಣಗಲೆಂದು ಒಂದಿಷ್ಟು ಸುರಿದು, ಕುಲುಕಿ ಚೆಲ್ಲುವುದು ದಿನನಿತ್ಯದ ರೂಢಿ. ಕೈಗೆ ನೀಲಿ ನೈಟ್ರೈಲ್ ಗ್ಲೌಸ್ ಏರಿಸಿಕೊಂಡರಂತೂ ಭಯವೇ ಇಲ್ಲ. ಆದರೆ ಆ ತೆಳು ಗ್ಲೌಸಿನ ಬೆರಳತುದಿ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ನೆನೆಯಲಿ, ಉಬ್ಬಿ ಮೆತ್ತಗಾಗುತ್ತದೆ. ಅಸಿಟೋನನ್ನು ನೈಟ್ರೈಲ್ ತಡೆಯಲಾರದು. ಅದಕ್ಕೆ ಬ್ಯುಟೈಲ್ ರಬ್ಬರಿನಂಥದು ಬೇಕು.

ಇದೆಲ್ಲ ಬರೆದಿರುವುದು ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ. ಲ್ಯಾಬಿನವರ ಬಾಯಲ್ಲಿ ಅದು ಎಸ್‌ಡಿಎಸ್, ಹಳಬರಿಗೆ ಈಗಲೂ ಎಂಎಸ್‌ಡಿಎಸ್. ಹೆಸರಿಗೆ ಹಾಳೆ, ಬಿಚ್ಚಿದರೆ ಹಲವು ಪುಟ. ಫೈಲಿನಲ್ಲಿ ಭದ್ರವಾಗಿರುತ್ತದೆ, ಇನ್‌ಸ್ಪೆಕ್ಷನ್ ದಿನ ಹೊರಗೆ ಬರುತ್ತದೆ. ಪೂರ್ತಿ ಓದುವ ತಾಳ್ಮೆ ಯಾರಿಗಿದೆ? ಪೂರ್ತಿ ಓದಬೇಕಾಗಿಯೂ ಇಲ್ಲ. ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ಎಂಬ ರಾಸಾಯನಿಕ ಅಪಾಯ ವರ್ಗೀಕರಣ ಪದ್ಧತಿಯಲ್ಲಿ ಹಾಳೆಗೆ 16 ವಿಭಾಗಗಳು, ಯಾವ ಕಂಪನಿಯದಾದರೂ ಅದೇ ಕ್ರಮ. ಅಪಾಯವೇನು ಎಂಬುದು 2ರಲ್ಲಿ, ಮೈಮೇಲೆ ಬಿದ್ದರೆ ಏನು ಮಾಡಬೇಕೆಂಬುದು 4ರಲ್ಲಿ, ಯಾವುದರ ಜೊತೆ ಸೇರಬಾರದೆಂಬುದು 10ರಲ್ಲಿ. ಅಂಕಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಜಿಎಚ್‌ಎಸ್‌ನಲ್ಲಿ ವರ್ಗ 1 ಎಂದರೆ ಅತಿ ಅಪಾಯ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎಯ ನಾಲ್ಕು ಬಣ್ಣದ ಚೌಕದಲ್ಲಿ ಅತಿ ಅಪಾಯಕ್ಕೆ 4. ಎರಡನ್ನೂ ಬಲ್ಲವರೇ ಒಮ್ಮೊಮ್ಮೆ ತಡವರಿಸುತ್ತಾರೆ.

ನಾನು ಮೊದಲು ತೆರೆಯುವುದು 8ನೇ ವಿಭಾಗ. ಒಳ್ಳೆಯ ಹಾಳೆಯಾದರೆ ಗ್ಲೌಸು ಯಾವ ವಸ್ತುವಿನದು, ಎಷ್ಟು ದಪ್ಪದ್ದು, ರಾಸಾಯನಿಕ ಅದನ್ನು ದಾಟಿ ಚರ್ಮ ತಲುಪಲು ಎಷ್ಟು ನಿಮಿಷ ಎಂಬುದೆಲ್ಲ ಅಲ್ಲಿರುತ್ತದೆ. ಕಾಟಾಚಾರದ ಹಾಳೆಯಲ್ಲಿ ‘ಸೂಕ್ತ ಕೈಗವಸು ಧರಿಸಿ’ ಎಂದಷ್ಟೇ ಇರುತ್ತದೆ. ಹೊಟ್ಟೆನೋವೆಂದು ಹೋದವನಿಗೆ ಡಾಕ್ಟರು ಚೀಟಿಯಲ್ಲಿ ‘ಸೂಕ್ತ ಮಾತ್ರೆ ನುಂಗಿ’ ಎಂದು ಬರೆದುಕೊಟ್ಟ ಹಾಗೆ.

ತಪ್ಪು ಗ್ಲೌಸು ತೊಡಲು ಅಜಾಗರೂಕರೇ ಆಗಬೇಕಿಲ್ಲ. ಕ್ಯಾರೆನ್ ವೆಟರ್‌ಹಾನ್ ಅಜಾಗರೂಕರಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ. ಲೋಹಗಳು ದೇಹಕ್ಕೆ ಹೇಗೆ ವಿಷವಾಗುತ್ತವೆ ಎಂಬುದೇ ಅವರ ಸಂಶೋಧನೆ. 1996ರ ಆಗಸ್ಟ್ 14ರಂದು ಆವಿ ಹೀರಿ ಹೊರಹಾಕುವ ಫ್ಯೂಮ್ ಹುಡ್ಡಿನೊಳಗೆ, ಲೇಟೆಕ್ಸ್ ಗ್ಲೌಸ್ ತೊಟ್ಟು, ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತವನ್ನು ಸಣ್ಣ ಟ್ಯೂಬಿಗೆ ತುಂಬಿಸುತ್ತಿದ್ದರು. ಒಂದೆರಡು ಹನಿ ಗ್ಲೌಸಿನ ಮೇಲೆ ಬಿತ್ತು. ಕೆಲಸ ಮುಗಿಸಿ ಗ್ಲೌಸ್ ಕಳಚಿದರು. ಉರಿ ಇಲ್ಲ, ಕಲೆ ಇಲ್ಲ. ತಿಂಗಳುಗಳು ಉರುಳಿದವು. 1997ರ ಜನವರಿಯ ಹೊತ್ತಿಗೆ ನಡಿಗೆ ತೂರಾಡತೊಡಗಿತು, ಮಾತು ತೊದಲಿತು. ರಕ್ತದಲ್ಲಿ ಪಾದರಸ ತುಂಬಿಕೊಂಡಿತ್ತು. ಜೂನ್ 8ರಂದು, 48ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕಾಯಿಲೆಯ ಮೂಲ ತಿಳಿದ ಮೇಲೆ ಅಂಥದೇ ಗ್ಲೌಸನ್ನು ಪರೀಕ್ಷೆಗೆ ಒಡ್ಡಿದರು. ಡೈಮಿಥೈಲ್ ಮರ್ಕ್ಯುರಿ ಅದನ್ನು ದಾಟಲು 15 ಸೆಕೆಂಡೂ ಬೇಕಿರಲಿಲ್ಲ. ಅಲ್ಲಿಯವರೆಗೆ ಇದನ್ನು ಅಳೆದು ನೋಡಬೇಕೆಂದು ಲ್ಯಾಬಿನವರಿಗೆ ಹೊಳೆದಿರಲಿಲ್ಲ. ಆಮೇಲೆ ಬಂದ ಸಲಹೆ: ಒಳಗೊಂದು ಪದರ ಪದರದ ಪ್ಲಾಸ್ಟಿಕ್ ಲ್ಯಾಮಿನೇಟ್ ಗ್ಲೌಸ್, ಅದರ ಮೇಲೆ ಉದ್ದ ತೋಳಿನ ದಪ್ಪ ನಿಯೋಪ್ರೀನ್. ಲ್ಯಾಮಿನೇಟ್ ಗ್ಲೌಸ್ ಬೆರಳಿಗೆ ಅಂಟಿ ಕೂರುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿನಂತೆ ಪರಪರ ಎನ್ನುತ್ತದೆ, ಸಣ್ಣ ಟ್ಯೂಬು ಹಿಡಿಯಲು ಹೋದರೆ ಜಾರುತ್ತದೆ. ತೊಟ್ಟವರು ಶಪಿಸುತ್ತಲೇ ಕೆಲಸ ಮಾಡುತ್ತಾರೆ.